ಆರ್‌ಎಕ್ಸ್ ಕಾರ್ಬೊರೇಟರ್: ಕಿಟ್ ತರುವ ಮೊದಲು ಉಜ್ಜಿ ನೋಡಿ

ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ 1991ರದ್ದು. ಅದಕ್ಕೆ ನಾನು ನಾಲ್ಕನೇ ಯಜಮಾನ. ಹಿಂದಿನ ಮೂವರೂ ಕೈಯಾಡಿಸಿರುತ್ತಾರೆ ಅಂತ ಗೊತ್ತಿದ್ದೂ, ಕಾರ್ಬೊರೇಟರ್ (ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ರಿಪೇರಿಗೆ ಸುಮ್ನೆ ಅಂಗಡಿಗೆ ಹೋಗಿ ‘ಆರ್‌ಎಕ್ಸ್ ಕಿಟ್ ಕೊಡಿ’ ಅಂದೆ. ಮನೆಗೆ ತಂದರೆ ಪ್ಯಾಕಿಂಗ್ ಕೂರಲೇ ಇಲ್ಲ. ಗಾಡಿಯಲ್ಲಿದ್ದದ್ದು ಬೇರೆ ಯಾವುದೋ ಬೈಕಿನ ಕಾರ್ಬೊರೇಟರ್!

ಹಾಗಾಗಿ ಮೊದಲು ಹಳೇ ಟೂತ್‌ಬ್ರಷ್, ಸ್ವಲ್ಪ ಪೆಟ್ರೋಲ್ ಹಿಡಿದು ಉಜ್ಜಿ. ಮೈಮೇಲಿನ ಹೆಸರು, ನಂಬರ್ ಓದಿ. ಆರ್‌ಎಕ್ಸ್‌ಗೆ ಕಂಪನಿ ಹಾಕಿದ್ದು ಮಿಕುನಿ ವಿಎಂ 20. ಆ 20 ಅಂದರೆ ಗಾಳಿ ಹಾದುಹೋಗುವ ದೊಡ್ಡ ತೂತಿನ ಅಳತೆ, ಮಿಲಿಮೀಟರ್‌ನಲ್ಲಿ. ಅಕ್ಷರ ಸವೆದಿದ್ದರೆ ವರ್ನಿಯರ್ (ಮಿಲಿಮೀಟರ್ ಅಳೆಯುವ ಸಾಧನ) ಹಿಡಿಯಿರಿ. ಪಕ್ಕದ ಸಣ್ಣ ಸ್ಕ್ರೂ ಎಲ್ಲಿದೆ ಅಂತಲೂ ನೋಡಿ. ಏರ್‌ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಬಿಚ್ಚಿದಷ್ಟೂ ಗಾಳಿ ಜಾಸ್ತಿ. ಇಂಜಿನ್ ಕಡೆ ಇದ್ದರೆ ಸಾಮಾನ್ಯವಾಗಿ ಪೆಟ್ರೋಲ್‌ದು, ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ. ಈ ಮಿಕುನಿ ವಿಎಂ 20ರಲ್ಲಿ ಇರುವುದು ಗಾಳಿಯದು.

ಬಿಚ್ಚುವಾಗ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ (ಅಡುಗೆಮನೆಯದು ಬೇಡ, ನಾನು ಬೈಸಿಕೊಂಡಿದ್ದೇನೆ). ನೀಡಲ್‌ನ (ಒಳಗಿನ ಉದ್ದ ಸೂಜಿ) ಕ್ಲಿಪ್ ಮೇಲಿನಿಂದ ಎಷ್ಟನೇ ಗೆರೆಯಲ್ಲಿದೆ ಅಂತ ಬರೆದಿಡಿ. ಪೈಲಟ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ತೆಗೆದು ಟ್ಯೂಬ್‌ಲೈಟ್‌ಗೆ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣಬೇಕು. ನನ್ನದರಲ್ಲಿ ಕತ್ತಲೆ. ಹಸಿರು ಪಾಚಿಯಂಥದ್ದು ಕಟ್ಟಿತ್ತು. ಪಿನ್ನು ತುರುಕಬೇಡಿ, ಹಿತ್ತಾಳೆಯ ತೂತು ಅಗಲವಾದರೆ ಕೆಲಸ ಕೆಟ್ಟಿತು. ರಾತ್ರಿಯಿಡೀ ಪೆಟ್ರೋಲ್‌ನಲ್ಲಿ ನೆನೆಸಿ, ಬೆಳಗ್ಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಬೆಳಕು ಬಂತು.

ಕಿಟ್‌ನಲ್ಲಿ ಹೊಸ ಜೆಟ್ ಬಂದರೂ ನಾನು ಹಳೆಯದನ್ನೇ ಹಾಕುತ್ತೇನೆ. ಅಗ್ಗದ ಕಿಟ್‌ನ ಜೆಟ್ ಮೇಲಿನ ನಂಬರ್ ನಂಬಿ ನಾನೊಮ್ಮೆ ಸ್ಪಾರ್ಕ್ ಪ್ಲಗ್ ಸುಟ್ಟುಕೊಂಡಿದ್ದೇನೆ. ಬದಲಿಸಬೇಕಾದ್ದು ರಬ್ಬರ್ ರಿಂಗ್, ಪ್ಯಾಕಿಂಗ್, ಫ್ಲೋಟ್ ಪಿನ್ನು (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಮೊನೆ) ಅಷ್ಟೆ. ಪಿನ್ನಿನ ಮೊನೆಯಲ್ಲಿ ಉಂಗುರದ ಹಾಗೆ ಸವೆದಿದ್ದರೆ ಓವರ್‌ಫ್ಲೋ ಗ್ಯಾರಂಟಿ. ಜೋಡಿಸಿದ ಮೇಲೆ ತಲೆಕೆಳಗು ಹಿಡಿದು ಪೆಟ್ರೋಲ್ ನಳಿಕೆಗೆ ಸಣ್ಣ ಪೈಪ್ ಹಾಕಿ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಹಿಡಿದರೆ ಹೋಗಬೇಕು.

ಸ್ಲೈಡ್‌ನ (ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ತುಂಡು) ಕತ್ತರಿಸಿದ ಬದಿ ಏರ್‌ಫಿಲ್ಟರ್ ಕಡೆಗಿರಲಿ. ಕೂರದಿದ್ದರೆ ಒತ್ತಬೇಡಿ, ಗಾಡಿಯ ಮುಂದೆ ಕೂತು ನಿಧಾನಕ್ಕೆ ತಿರುಗಿಸಿ. ಸ್ಟಾರ್ಟ್ ಮಾಡುವ ಮೊದಲೇ ಆಕ್ಸಿಲರೇಟರ್ ತಿರುವಿ ಬಿಡಿ. ಸ್ಲೈಡ್ ಕೆಳಗೆ ಬಿದ್ದು ‘ಟಕ್’ ಅನ್ನಬೇಕು.

ಗಾಳಿ ಸ್ಕ್ರೂ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ. ಇಂಜಿನ್ ಬಿಸಿಯಾದ ಮೇಲೆ ಅತ್ತಿತ್ತ ಕಾಲು ಸುತ್ತು ಆಡಿಸಿ ನೋಡಿ. ಒಂದಿಷ್ಟು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ; ಮತ್ತೆ ಓಡಿಸಬೇಡಿ, ಟೂ ಸ್ಟ್ರೋಕ್ ಪಿಸ್ಟನ್ ಜಾಮ್ ಆಗುವುದು ಹಾಗೇ. ಮೊದಲು ಇಂಜಿನ್ ಕಡೆಯ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಅದು ಸರಿಯಿದ್ದರೆ ನೀಡಲ್ ಕ್ಲಿಪ್ ಒಂದು ಗೆರೆ ಕೆಳಗಿಳಿಸಿ.