ಬೂಟ್ ಮೆನುವಿನಲ್ಲಿ ಉಳಿದುಹೋದ ಹಳೇ ಹೆಸರುಗಳನ್ನು ನಾನು ತೆಗೆಯುವ ರೀತಿ

ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ (ಓಎಸ್) ಆದ ಲಿನಕ್ಸ್ ತೆಗೆದಾಯಿತು, ಡಿಸ್ಕ್‌ನಲ್ಲಿ ಅದಕ್ಕೆ ಬಿಟ್ಟಿದ್ದ ಭಾಗ, ಅಂದರೆ ಪಾರ್ಟಿಷನ್ ಕೂಡ ಅಳಿಸಿದ್ದಾಯಿತು, ಆದರೂ ಲ್ಯಾಪ್‌ಟಾಪ್ ಆನ್ ಮಾಡಿ ಎಫ್12 ಒತ್ತಿದರೆ ಬರುವ ಬೂಟ್ ಮೆನುವಿನ ಪಟ್ಟಿಯಲ್ಲಿ ‘ಉಬುಂಟು’ (ಲಿನಕ್ಸ್‌ನ ಒಂದು ಬಗೆ) ಅಂತ ಬರುತ್ತಲೇ ಇರುತ್ತೆ. ತುಮಕೂರಿನಲ್ಲಿ ಹಳೇ ಲ್ಯಾಪ್‌ಟಾಪ್‌ಗಳನ್ನು ಸರಿ ಮಾಡಿ ಕಾಲೇಜು ಮಕ್ಕಳಿಗೆ ಕೊಡುವ ಕೆಲಸ ನನ್ನದು, ಈ ದೂರು ನನ್ನ ಹತ್ತಿರ ಜಾಸ್ತಿಯೇ ಬರುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ ಇನ್ನೂ ಜಾಸ್ತಿ. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ನೋಡುತ್ತಾರೆ, ಕೆಲವರಿಗೆ ಒಗ್ಗುತ್ತೆ, ಕೆಲವರು ಪರೀಕ್ಷೆಯ ಸಾಫ್ಟ್‌ವೇರ್ ಬೇಕು ಅಂತ ವಿಂಡೋಸ್‌ಗೆ ವಾಪಸ್ ಬರುತ್ತಾರೆ, ಹೆಸರು ಮಾತ್ರ ಮೆನುವಿನಲ್ಲಿ ಕೂತಿರುತ್ತೆ.

ಇದಕ್ಕೆ ಅಂಗಡಿಗಳಲ್ಲಿ ಕೊಡುವ ಮದ್ದು ಒಂದೇ: ಪೂರ್ತಿ ಫಾರ್ಮ್ಯಾಟ್. ಅದು ಬೇಡ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಷ್ಟೋ ಸಲ ಫಾರ್ಮ್ಯಾಟ್ ಮಾಡಿದರೂ ಆ ಹೆಸರು ಹೋಗೋದಿಲ್ಲ, ಯಾಕೆಂದರೆ ಅದು ಡಿಸ್ಕ್‌ನಲ್ಲಿ ಇರೋದೇ ಇಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಆಗಿ ಹಳೇ ಬಯಾಸ್ ಬದಲು (ಸೆಟಪ್‌ಗೆ ಈಗಲೂ ಬಯಾಸ್ ಅಂತಲೇ ಅನ್ನುತ್ತೇವೆ) ಯುಇಎಫ್‌ಐ ಇರುತ್ತೆ. ಯಾವ ಓಎಸ್‌ನಿಂದ ಶುರು ಮಾಡಬೇಕು ಅನ್ನುವ ಪಟ್ಟಿಯನ್ನು ಅದು ಮದರ್‌ಬೋರ್ಡ್ ಮೇಲಿನ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ, ಅಂದರೆ ಎನ್‌ವಿರ‍್ಯಾಮ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ. ಬಾಡಿಗೆಯವರು ಮನೆ ಖಾಲಿ ಮಾಡಿದರೂ ಗೇಟಿನ ಮೇಲೆ ಅವರ ಬೋರ್ಡ್ ಹಾಗೇ ಉಳಿಯೋದಿಲ್ವಾ, ಹಾಗೆ. ಮನೆ ಗುಡಿಸಿದರೆ ಬೋರ್ಡ್ ಹೋಗೋದಿಲ್ಲ.

ಆದ್ದರಿಂದ ನಾನು ಏನನ್ನೂ ಅಳಿಸುವ ಮೊದಲು ನೋಡೋದು ಒಂದೇ: ಈ ಹೆಸರು ಎಲ್ಲಿಂದ ಬರುತ್ತಿದೆ? ಅದು ಇರಬಹುದಾದ ಜಾಗ ಮೂರು. ಒಂದು ಈಗ ಹೇಳಿದ ಚಿಪ್. ಎರಡನೆಯದು ಡಿಸ್ಕ್‌ನಲ್ಲಿ ಬಚ್ಚಿಟ್ಟುಕೊಂಡಿರುವ ಇಎಫ್‌ಐ ಪಾರ್ಟಿಷನ್. ಅದು ಫ್ಯಾಟ್32 ಮಾದರಿಯದು, ಸಾಮಾನ್ಯವಾಗಿ 100 ಎಂಬಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 260 ಎಂಬಿ. ಒಂದೊಂದು ಓಎಸ್‌ನ ಶುರು ಮಾಡುವ ಫೈಲುಗಳೂ ಅಲ್ಲಿ ಒಂದೊಂದು ಫೋಲ್ಡರ್‌ನಲ್ಲಿ ಇರುತ್ತವೆ. ಮೂರನೆಯದು ವಿಂಡೋಸ್‌ನದೇ ಪಟ್ಟಿ, ಬಿಸಿಡಿ ಅನ್ನುತ್ತಾರೆ.

ಮೂರನೆಯದನ್ನು ಬೇಗ ಮುಗಿಸಿಬಿಡುತ್ತೇನೆ. ಆನ್ ಮಾಡಿದ ಮೇಲೆ ನೀಲಿ ಪರದೆಯಲ್ಲಿ ಎರಡು ‘ವಿಂಡೋಸ್ 10’ ಕಾಣಿಸಿ ಯಾವುದು ಬೇಕು ಅಂತ ಕೇಳಿ 30 ಸೆಕೆಂಡ್ ಕಾಯುತ್ತಿದ್ದರೆ ಅದು ಬಿಸಿಡಿ ಕೆಲಸ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎಂಎಸ್‌ಕಾನ್ಫಿಗ್’ ಅಂತ ಟೈಪ್ ಮಾಡಿ, ಬೂಟ್ ಟ್ಯಾಬ್‌ಗೆ ಹೋಗಿ. ಈಗ ಓಡುತ್ತಿರುವುದರ ಎದುರು ‘ಕರೆಂಟ್ ಓಎಸ್’ ಅಂತ ಇರುತ್ತೆ, ಅದನ್ನು ಬಿಟ್ಟು ಇನ್ನೊಂದನ್ನು ಡಿಲೀಟ್ ಮಾಡಿ. ಅಷ್ಟೇ, ಇದಕ್ಕೂ ಚಿಪ್‌ಗೂ ಸಂಬಂಧ ಇಲ್ಲ.

ಮೊದಲೆರಡರ ಕಥೆ ಬೇರೆ. ಗುಬ್ಬಿ ಕಡೆಯಿಂದ ಬಿಸಿಎ ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತಂದಿದ್ದಳು. ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ‘ಗ್ರಬ್’ (ಲಿನಕ್ಸ್ ಶುರು ಮಾಡುವ ಪ್ರೋಗ್ರಾಂ) ಅಂತ ಬರೆದು ಕರ್ಸರ್ ಮಿನುಗುತ್ತೆ, ಮುಂದಕ್ಕೆ ಹೋಗೋದಿಲ್ಲ.

“ಅಣ್ಣ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಲಿನಕ್ಸ್‌ದು ಎಲ್ಲಾ ಡಿಲೀಟ್ ಮಾಡಿದೀನಿ. ಹಾರ್ಡ್ ಡಿಸ್ಕೇ ಹೋಗಿದೆ ಅಂತಾವ್ರೆ, ಹೌದಾ?”

“ಇಲ್ಲಮ್ಮ, ಡಿಸ್ಕ್ ಚೆನ್ನಾಗಿದೆ. ವಿಂಡೋಸೂ ಇದೆ, ನಿನ್ನ ಪ್ರಾಜೆಕ್ಟೂ ಇದೆ.”

ಆಗಿದ್ದು ಇಷ್ಟು. ಚಿಪ್‌ನ ಪಟ್ಟಿಯಲ್ಲಿ ಉಬುಂಟು ಮೊದಲನೇ ಸ್ಥಾನದಲ್ಲೇ ಇತ್ತು. ಅದು ಇಎಫ್‌ಐ ಪಾರ್ಟಿಷನ್‌ನಲ್ಲಿದ್ದ ಉಬುಂಟು ಫೋಲ್ಡರ್‌ಗೆ ಹೋಗಿ ಗ್ರಬ್ ಅನ್ನು ಎಬ್ಬಿಸುತ್ತಿತ್ತು. ಎದ್ದ ಗ್ರಬ್ ತನ್ನ ಮೆನು ಹುಡುಕಿಕೊಂಡು ಲಿನಕ್ಸ್ ಪಾರ್ಟಿಷನ್‌ಗೆ ಹೋದರೆ ಆ ಪಾರ್ಟಿಷನ್ನೇ ಇಲ್ಲ, ಅಲ್ಲಿಗೇ ನಿಂತುಬಿಡುತ್ತಿತ್ತು. ಬಯಾಸ್ ಸೆಟಪ್‌ಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತಂದೆ, ಸೇವ್ ಮಾಡಿದೆ, ನೇರವಾಗಿ ವಿಂಡೋಸ್ ಬಂತು. ಯಾವ ಲ್ಯಾಪ್‌ಟಾಪ್ ಆದರೂ ನಾನು ಮೊದಲು ಮಾಡೋದು ಇದನ್ನೇ. ವಿಂಡೋಸ್ ತಾನೇ ತಾನಾಗಿ ಬರುತ್ತೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಅಳಿಸುವ ಮಾತು. ಡೆಲ್, ಏಸರ್, ಆಸುಸ್‌ಗಳಲ್ಲಿ ಸೆಟಪ್‌ಗೆ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೋವೊದಲ್ಲಿ ಮಾಡೆಲ್ ನೋಡಿಕೊಂಡು ಎಫ್1 ಇಲ್ಲವೇ ಎಫ್2.

ಇನ್ನೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಾರಿಸಬೇಡಿ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಇಲ್ಲವೇ ಡಿವೈಸ್ ಎನ್‌ಕ್ರಿಪ್ಷನ್, ಅಂದರೆ ಡಿಸ್ಕ್‌ಗೆ ಹಾಕುವ ಬೀಗ, ತಾನಾಗಿಯೇ ಆನ್ ಆಗಿರುತ್ತೆ. ಬೂಟ್ ವಿಷಯಕ್ಕೆ ಕೈ ಹಾಕಿದರೆ ಅದು ಅನುಮಾನಪಟ್ಟು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ, ಸೆಕೆಂಡ್ ಹ್ಯಾಂಡ್ ಮಾಲಾದರೆ ಹಳೇ ಮಾಲೀಕರ ಅಕೌಂಟ್‌ನಲ್ಲೂ ಇರಬಹುದು, ಆಗ ನೀವು ಅವರನ್ನು ಎಲ್ಲಿ ಅಂತ ಹುಡುಕುತ್ತೀರಿ? ವಿಂಡೋಸ್‌ಗೆ ಹೋಗಲು ಆಗುತ್ತಿರುವಾಗಲೇ ಕೀ ಬರೆದಿಟ್ಟುಕೊಳ್ಳಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಕಾಣಿಸಿದರೆ ‘ಸಸ್ಪೆಂಡ್’ ಕೊಡಿ. ವಿಂಡೋಸೇ ಬಾರದೆ ನಿಂತಿದ್ದರೆ ಬೇರೆ ಯಾವುದಾದರೂ ಮೊಬೈಲಿನಲ್ಲಿ ಆ ಅಕೌಂಟ್ ತೆರೆದು ಕೀ ಇದೆಯಾ ಅಂತ ನೋಡಿಕೊಂಡೇ ಬಯಾಸ್‌ಗೆ ಕೈ ಹಾಕಿ.

ಈಗ ಅಳಿಸೋದು. ವಿಂಡೋಸ್ ಒಳಗಿನಿಂದಲೇ ಆಗುತ್ತೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಬಿಸಿಡಿಎಡಿಟ್’, ಒಂದು ಜಾಗ ಬಿಟ್ಟು ಸ್ಲ್ಯಾಶ್ ‘ಈನಮ್’ (ಇ-ಎನ್-ಯು-ಎಂ), ಮತ್ತೆ ಜಾಗ ಬಿಟ್ಟು ‘ಫರ್ಮ್‌ವೇರ್’ ಅಂತ ಕೊಟ್ಟರೆ ಚಿಪ್‌ನಲ್ಲಿರುವ ಪಟ್ಟಿ ಪೂರ್ತಿ ಬರುತ್ತೆ. ಆ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಎರಡು ಸಲ ಇತ್ತು. ‘ಡಿಸ್ಕ್ರಿಪ್ಷನ್’ ಸಾಲಿನಲ್ಲಿ ಹೆಸರು, ‘ಪಾತ್’ ಸಾಲಿನಲ್ಲಿ ಉಬುಂಟು ಫೋಲ್ಡರ್‌ನ ಶಿಮ್ ಫೈಲಿನ (ಗ್ರಬ್‌ಗೂ ಮೊದಲು ಓಡುವ ಫೈಲ್) ದಾರಿ, ‘ಐಡೆಂಟಿಫೈಯರ್’ ಸಾಲಿನಲ್ಲಿ ಹೂವಿನ ಬ್ರಾಕೆಟ್ ಒಳಗೆ ಉದ್ದನೆಯ ಅಕ್ಷರ-ಅಂಕಿಗಳ ಸರಮಾಲೆ. ಅಳಿಸಲು ಬೇಕಾಗಿರೋದು ಆ ಸರಮಾಲೆ. ಮೊದಲು ಪರದೆಯ ಫೋಟೋ ತೆಗೆದುಕೊಳ್ಳುತ್ತೇನೆ. ಆಮೇಲೆ ಬಿಸಿಡಿಎಡಿಟ್, ಸ್ಲ್ಯಾಶ್ ಡಿಲೀಟ್, ಬ್ರಾಕೆಟ್ ಸಮೇತ ಆ ಸರಮಾಲೆ. ಅದನ್ನು ಟೈಪ್ ಮಾಡಬೇಡಿ, ಕಾಪಿ ಮಾಡಿ ಅಂಟಿಸಿ. ಪವರ್‌ಶೆಲ್‌ನಲ್ಲಿ (ಕಮಾಂಡ್ ಪ್ರಾಂಪ್ಟ್ ಥರದ್ದೇ ಇನ್ನೊಂದು) ಮಾಡೋದಾದರೆ ಬ್ರಾಕೆಟ್‌ನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಲೇಬೇಕು, ಇಲ್ಲದಿದ್ದರೆ ಎರರ್ ಬರುತ್ತೆ. ಬ್ರಾಕೆಟ್ ಒಳಗೆ ‘ಬೂಟ್‌ಎಂಜಿಆರ್’ ಅಥವಾ ‘ಎಫ್‌ಡಬ್ಲ್ಯು ಬೂಟ್‌ಎಂಜಿಆರ್’ ಅಂತ ಇರುವುದನ್ನು ಮಾತ್ರ ಮುಟ್ಟಲೇಬೇಡಿ, ವಿಂಡೋಸ್ ಶುರುವಾಗೋದೇ ಅವುಗಳಿಂದ.

ಇಷ್ಟಕ್ಕೇ ನಿಲ್ಲಿಸಿದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಹೆಸರು ಮತ್ತೆ ಬಂದು ಕೂರುತ್ತೆ. ಸುಮ್ನೆ ಬರೋದಿಲ್ಲ. ಇಎಫ್‌ಐ ಪಾರ್ಟಿಷನ್‌ನಲ್ಲಿ ಉಬುಂಟು ಫೋಲ್ಡರ್ ಇನ್ನೂ ಇರುತ್ತಲ್ವಾ, ಅದರೊಳಗೆ ಒಂದು ಪುಟ್ಟ ಪಟ್ಟಿ ಫೈಲ್ ಇರುತ್ತೆ. ಪಕ್ಕದ ‘ಬೂಟ್’ ಫೋಲ್ಡರ್‌ನಲ್ಲಿ ಲಿನಕ್ಸ್ ಬಿಟ್ಟುಹೋದ ಫಾಲ್‌ಬ್ಯಾಕ್ (ಬದಲಿ) ಪ್ರೋಗ್ರಾಂ ಶುರುವಾದರೆ ಆ ಪಟ್ಟಿ ಓದಿ ಚಿಪ್‌ಗೆ ಹೆಸರನ್ನು ಮತ್ತೆ ಬರೆಯುತ್ತೆ. ಅದಕ್ಕೇ ಫೋಲ್ಡರನ್ನೂ ತೆಗೆಯಬೇಕು. ಕಮಾಂಡ್ ಪ್ರಾಂಪ್ಟ್‌ನ ಅದೇ ಕಪ್ಪು ಕಿಟಕಿಯಲ್ಲಿ ‘ಮೌಂಟ್‌ವಾಲ್’ (ಮೌಂಟ್, ಅದಕ್ಕೆ ಅಂಟಿಸಿ ವಿ-ಒ-ಎಲ್), ಜಾಗ ಬಿಟ್ಟು ಎಸ್ ಮತ್ತು ಕೋಲನ್, ಜಾಗ ಬಿಟ್ಟು ಸ್ಲ್ಯಾಶ್ ಎಸ್ ಕೊಟ್ಟರೆ ಇಎಫ್‌ಐ ಪಾರ್ಟಿಷನ್ ಎಸ್ ಡ್ರೈವ್ ಆಗಿ ತೆರೆದುಕೊಳ್ಳುತ್ತೆ. ಎಸ್ ಕೋಲನ್ ಅಂತ ಹೊಡೆದು ಒಳಗೆ ಹೋಗಿ, ‘ಸಿಡಿ ಇಎಫ್‌ಐ’, ಆಮೇಲೆ ‘ಡಿಐಆರ್’. ಮೈಕ್ರೋಸಾಫ್ಟ್, ಬೂಟ್, ಉಬುಂಟು ಅಂತ ಫೋಲ್ಡರ್‌ಗಳು ಕಾಣುತ್ತವೆ, ಕೆಲವು ಸಲ ಲ್ಯಾಪ್‌ಟಾಪ್ ಕಂಪನಿಯ ಹೆಸರಿನದೂ ಒಂದಿರುತ್ತೆ. ‘ಆರ್‌ಡಿ ಸ್ಲ್ಯಾಶ್ ಎಸ್ ಉಬುಂಟು’ ಕೊಟ್ಟರೆ ಖಚಿತವಾ ಅಂತ ಕೇಳುತ್ತೆ, ವೈ ಒತ್ತಿ. ಉಳಿದ ಫೋಲ್ಡರ್‌ಗಳ ತಂಟೆಗೆ ಹೋಗಬೇಡಿ. ಮುಗಿದ ಮೇಲೆ ‘ಸಿ ಕೋಲನ್’ ಅಂತ ವಾಪಸ್ ಬಂದು ಮೌಂಟ್‌ವಾಲ್, ಎಸ್ ಕೋಲನ್, ಸ್ಲ್ಯಾಶ್ ಡಿ ಕೊಟ್ಟು ಮುಚ್ಚಿಬಿಡಿ.

ವಿಂಡೋಸೇ ಇಲ್ಲದ ಲ್ಯಾಪ್‌ಟಾಪ್ ಆದರೆ ಉಬುಂಟು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಉಬುಂಟು ಓಡುತ್ತೆ) ಹಾಕಿ ಮಾಡುತ್ತೇನೆ. ಪೆನ್‌ಡ್ರೈವ್ ಯುಇಎಫ್‌ಐ ಮೋಡ್‌ನಲ್ಲೇ ಶುರುವಾಗಿರಬೇಕು, ಲೆಗಸಿಯಲ್ಲಿ, ಅಂದರೆ ಹಳೇ ಬಯಾಸ್ ರೀತಿಯಲ್ಲಿ ಶುರುವಾದರೆ ಚಿಪ್‌ನ ಪಟ್ಟಿ ಅದಕ್ಕೆ ಕಾಣೋದೇ ಇಲ್ಲ. ಟರ್ಮಿನಲ್‌ನಲ್ಲಿ ‘ಸುಡೊ ಇಎಫ್‌ಐಬೂಟ್‌ಎಂಜಿಆರ್ ಮೈನಸ್ ವಿ’. ಒಂದೊಂದು ಹೆಸರಿಗೂ ನಾಲ್ಕು ಅಂಕಿಯ ನಂಬರ್ ಇರುತ್ತೆ, ಅದರ ಮುಂದೆ ಯಾವ ಪಾರ್ಟಿಷನ್ನಿನದು ಅನ್ನುವ ಉದ್ದನೆಯ ಐಡಿ. ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿರುವ ಲ್ಯಾಪ್‌ಟಾಪ್‌ಗಳಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿರೋದು ಆ ಐಡಿಯೇ. ‘ಸುಡೊ ಬಿಎಲ್‌ಕೆಐಡಿ’ ಕೊಟ್ಟರೆ ಈಗ ಇರುವ ಪಾರ್ಟಿಷನ್‌ಗಳ ಪಾರ್ಟ್‌ಯುಯುಐಡಿ, ಅಂದರೆ ಅದೇ ಥರದ ಐಡಿ ಬರುತ್ತೆ, ಎರಡನ್ನೂ ಹೋಲಿಸಿ ನೋಡಿ, ಯಾವ ಪಾರ್ಟಿಷನ್‌ಗೂ ತಾಳೆಯಾಗದ ಐಡಿ ಇದ್ದರೆ ಅದು ಬಿಚ್ಚಿಹಾಕಿದ ಡಿಸ್ಕ್‌ನದು, ಧೈರ್ಯವಾಗಿ ತೆಗೆಯಬಹುದು. ಮೂರನೇ ನಂಬರನ್ನು ಅಳಿಸಬೇಕಾದರೆ ಸುಡೊ ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿಗೆ ಮೈನಸ್ ಸಣ್ಣ ಬಿ, 0003, ಆಮೇಲೆ ಮೈನಸ್ ದೊಡ್ಡ ಬಿ. ಸಣ್ಣದು ಯಾವುದು ಅಂತ ಹೇಳುತ್ತೆ, ದೊಡ್ಡದು ಅಳಿಸುತ್ತೆ.

ಲಿನಕ್ಸ್‌ನಲ್ಲಿ ಇವೇ ಹೆಸರುಗಳು ‘ಇಎಫ್‌ಐವಾರ್ಸ್’ ಅನ್ನುವ ಫೋಲ್ಡರ್‌ನಲ್ಲಿ ಫೈಲುಗಳ ಹಾಗೆ ಕಾಣುತ್ತವೆ. ಅಲ್ಲಿಂದ ನೇರವಾಗಿ ಡಿಲೀಟ್ ಮಾಡಲು ಹೋಗಬೇಡಿ. ಅಲ್ಲಿದ್ದದ್ದನ್ನೆಲ್ಲ ಅಳಿಸಿ ಕೆಲವು ಲ್ಯಾಪ್‌ಟಾಪ್‌ಗಳು ಆನ್ ಆಗೋದನ್ನೇ ನಿಲ್ಲಿಸಿದ ಮೇಲೆ 2016ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.5ರಲ್ಲಿ ಅಲ್ಲಿನ ಎಷ್ಟೋ ಫೈಲುಗಳಿಗೆ ಬೀಗ ಹಾಕಿದರು. ಆ ಬೀಗವನ್ನು ತೆಗೆಯುವ ದಾರಿ ಯಾರಾದರೂ ಹೇಳಿಕೊಟ್ಟರೂ ಕೇಳಬೇಡಿ.

ಪಟ್ಟಿಯಲ್ಲಿ ‘ನೆಟ್‌ವರ್ಕ್’, ‘ಐಪಿವಿ4’, ‘ಯುಎಸ್‌ಬಿ’ ಅಂತ ಇರುವುದು ಹಳೇ ಕಸ ಅಲ್ಲ. ಅವನ್ನು ಲ್ಯಾಪ್‌ಟಾಪೇ ಬರೆದುಕೊಳ್ಳೋದು, ಅಳಿಸಿದರೂ ವಾಪಸ್ ಬರುತ್ತವೆ. ನೆಟ್‌ವರ್ಕ್ ಬೂಟ್ ಬೇಡ ಅಂದರೆ ಬಯಾಸ್‌ನಲ್ಲಿ ಆಫ್ ಮಾಡಿಕೊಳ್ಳಿ.

ಕೊನೆಯ ಪರೀಕ್ಷೆಗೆ ಶಿಫ್ಟ್ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕೊಡುತ್ತೇನೆ, ಆಗ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲಿ ಅಂತ ಅರ್ಧ ಮಾತ್ರ ಆಫ್ ಆಗೋದು) ಇಲ್ಲದೆ ಪೂರ್ತಿ ಆಫ್ ಆಗುತ್ತೆ. ಮತ್ತೆ ಆನ್ ಮಾಡಿ ಬೂಟ್ ಮೆನು ನೋಡಿದರೆ ಓಎಸ್ ಹೆಸರು ಅಂತ ವಿಂಡೋಸ್ ಬೂಟ್ ಮ್ಯಾನೇಜರ್ ಒಂದೇ ಇರಬೇಕು. ಸಸ್ಪೆಂಡ್ ಮಾಡಿದ್ದ ಬಿಟ್‌ಲಾಕರ್ ಅನ್ನು ಮತ್ತೆ ಆನ್ ಮಾಡಿ. ಲಿನಕ್ಸ್ ಇದ್ದ ಜಾಗ ‘ಅನ್‌ಅಲೊಕೇಟೆಡ್’ ಆಗಿ ಸಿ ಡ್ರೈವ್‌ನ ಬಲಕ್ಕೆ ಒತ್ತಿಕೊಂಡೇ ಇದ್ದರೆ ‘ಎಕ್ಸ್‌ಟೆಂಡ್’ ಮಾಡಿ ಸೇರಿಸಿಕೊಳ್ಳಬಹುದು. ಗುಬ್ಬಿ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ನಡುವೆ ರಿಕವರಿ ಪಾರ್ಟಿಷನ್ ಇತ್ತು. ಅದನ್ನು ಕದಲಿಸಲು ಹೋಗದೆ ಆ ಜಾಗವನ್ನು ಡಿ ಡ್ರೈವ್ ಮಾಡಿ, ಅವಳ ಪ್ರಾಜೆಕ್ಟ್ ಫೈಲುಗಳ ಇನ್ನೊಂದು ಕಾಪಿಯನ್ನು ಅದರಲ್ಲಿ ಹಾಕಿಕೊಟ್ಟೆ.