ನಿಕ್ಕಲ್ ಫೋಮ್ ಮೇಲಿನ ವೇಗವರ್ಧಕ ಉದುರುವುದು ನಿಂತದ್ದು ಹೀಗೆ

ನೀರನ್ನು ಒಡೆದು ಹೈಡ್ರೋಜನ್ ಪಡೆಯುವಾಗ ನಿಜವಾಗಿ ತಡೆಯಾಗುವುದು ಆಮ್ಲಜನಕ ಹೊರಬರುವ ಆನೋಡ್. ಆ ಕ್ರಿಯೆಯನ್ನು ಚುರುಕಾಗಿಸಲೆಂದು ನಿಕ್ಕಲ್ ಫೋಮ್ (ಸ್ಪಂಜಿನಂತೆ ರಂಧ್ರಗಳಿರುವ ನಿಕ್ಕಲ್) ಮೇಲೆ ಬೆಳೆಸಿದ ನಿಕ್ಕಲ್-ಕಬ್ಬಿಣದ ನ್ಯಾನೋ ಹಾಳೆಗಳು 1 ಮೋಲಾರ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಗುಳ್ಳೆ ಎದ್ದ ಕೂಡಲೇ ಕಳಚುತ್ತಿದ್ದವು. ತಳದಲ್ಲಿ ಕಂದು ಪುಡಿ, ಕರೆಂಟ್ ಇಳಿಮುಖ.

ಮೊದಲ ಅನುಮಾನ ಪಾಕದ, ಅಂದರೆ ಹಾಳೆ ಬೆಳೆಸುವ ಮಿಶ್ರಣದ ಮೇಲೆ. ಅದು ತಪ್ಪು. ದೋಷವಿದ್ದದ್ದು ಫೋಮಿನ ಮೇಲ್ಮೈಯಲ್ಲಿ: ಆಕ್ಸೈಡ್ ಪದರ ಹಾಗೇ ಉಳಿದಿತ್ತು, ಅಸಿಟೋನ್‌ನಲ್ಲಿ ತೊಳೆದರೆ ಜಿಡ್ಡು ಮಾತ್ರ ಹೋಗುತ್ತದೆ. ಈಗ 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15 ನಿಮಿಷ ಅಲ್ಟ್ರಾಸೋನಿಕ್ (ಶ್ರವಣಾತೀತ ಧ್ವನಿಯಿಂದ ಅಲುಗಿಸುವುದು), ಬಳಿಕ ನೀರು, ಎಥನಾಲ್. ಒಣಗಿಸಿ ಇಡುವಂತಿಲ್ಲ, ತಕ್ಷಣ ಬಳಸಬೇಕು.

ಪಾಕ ಹಳೆಯದೇ: 35 ಮಿಲಿ ನೀರಿಗೆ 0.75 ಮಿಲಿಮೋಲ್ ನಿಕ್ಕಲ್ ನೈಟ್ರೇಟ್, 0.25 ಕಬ್ಬಿಣದ ನೈಟ್ರೇಟ್, 5 ಯೂರಿಯಾ. 50 ಮಿಲಿ ಟೆಫ್ಲಾನ್ ಆಟೋಕ್ಲೇವ್‌ನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) 120 ಡಿಗ್ರಿ ಸೆಲ್ಸಿಯಸ್, 12 ಗಂಟೆ. ಯೂರಿಯಾ ಬದಲು ನೇರವಾಗಿ ಕ್ಷಾರ ಸುರಿದರೆ ಕಬ್ಬಿಣ ಮೊದಲೇ ಗಟ್ಟಿಯಾಗಿ ಕೂರುತ್ತದೆ. ಯೂರಿಯಾ ಬಿಸಿಯಲ್ಲಿ ನಿಧಾನವಾಗಿ ಒಡೆಯುವುದೇ ಅದರ ಗುಟ್ಟು. ಒಳಗಿಡುವ ಫೋಮನ್ನು ಮಲಗಿಸಬೇಡಿ, ಪಾತ್ರೆಯ ಗೋಡೆಗೆ ಒರಗಿಸಿ. ಮಲಗಿಸಿದರೆ ದ್ರಾವಣದಲ್ಲೇ ಹುಟ್ಟಿದ ಸಡಿಲ ಪುಡಿ ಮೇಲೆ ಬಿದ್ದು, ಬೆಳೆದ ಪದರದಂತೆ ಕಾಣುತ್ತದೆ. ಆಟೋಕ್ಲೇವ್ ತಾನಾಗಿ ತಣಿದ ನಂತರ ನೀರಿನಲ್ಲಿ 30 ಸೆಕೆಂಡ್ ಅಲ್ಟ್ರಾಸೋನಿಕ್ ಕೊಟ್ಟು ಆ ಪುಡಿಯನ್ನು ಉದುರಿಸಿ, 60 ಡಿಗ್ರಿಯಲ್ಲಿ ಒಣಗಿಸಿ. ಉಳಿದದ್ದೇ ಅಸಲಿ ಪದರ. ಪದರದ ತೂಕ ನೋಡುವುದು ಈಗ, ಪುಡಿ ಉದುರಿಸುವ ಮೊದಲಲ್ಲ.

ಅಳೆಯುವಾಗ ಇನ್ನೊಂದು ಮೋಸವಿದೆ. ಸುಮಾರು 1.4 ವೋಲ್ಟ್ (ಆರ್‌ಎಚ್‌ಇ, ಅಂದರೆ ಹೋಲಿಕೆಗೆ ಬಳಸುವ ಹೈಡ್ರೋಜನ್ ವಿದ್ಯುದ್ವಾರದ ಲೆಕ್ಕದಲ್ಲಿ) ಬಳಿ ಕರೆಂಟ್ ರೇಖೆಯಲ್ಲಿ ಕಾಣುವ ಉಬ್ಬು ನಿಕ್ಕಲ್‌ನ ಸ್ವಂತ ಆಕ್ಸಿಡೀಕರಣ, ಆಮ್ಲಜನಕದ್ದಲ್ಲ. ಹಾಗಾಗಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಸಿಗುವ ಬಿಂದುವನ್ನು ಹಿಂತಿರುಗುವ ಸ್ಕ್ಯಾನ್‌ನಲ್ಲೇ, ಅಂದರೆ ವೋಲ್ಟೇಜ್ ಇಳಿಸುತ್ತಾ ಬರುವಾಗಲೇ ಓದಿ.