ಗುಳೆ ಹೋದವರ ಚಿತ್ರಗಳಿಗೆ ಅಡಿಬರಹ ಬರೆದಾಗ

1930ರ ದಶಕದ ಅಮೆರಿಕ. ಬೆಳೆಗೆ ಬೆಲೆ ಇಲ್ಲ, ಮಳೆ ಕೈಕೊಟ್ಟಿದೆ, ಹೊಲದ ಮಣ್ಣೇ ಗಾಳಿಗೆ ಹಾರಿಹೋಗುತ್ತಿದೆ. ಒಕ್ಲಹೋಮ, ಟೆಕ್ಸಸ್ ಕಡೆಯ ರೈತ ಕುಟುಂಬಗಳು ಹಳೇ ಕಾರಿಗೆ ಪಾತ್ರೆ ಪಗಡ ಹೇರಿಕೊಂಡು ಕ್ಯಾಲಿಫೋರ್ನಿಯಾ ದಾರಿ ಹಿಡಿದವು. ಸರ್ಕಾರವೇ ಫೋಟೋಗ್ರಾಫರ್‌ಗಳನ್ನು ಕಳಿಸಿ ಈ ಬದುಕನ್ನು ದಾಖಲಿಸಿತು. ಆ ಸಂಗ್ರಹದ ಸುಮಾರು 1,75,000 ನೆಗೆಟಿವ್‌ಗಳು ಈಗ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅದರಲ್ಲಿ 20 ಚಿತ್ರ ಆರಿಸಿ, ಪ್ರಿಂಟ್ ಹಾಕಿಸಿ, ಕನ್ನಡದಲ್ಲಿ ಅಡಿಬರಹ ಬರೆದು ಒಂದು ಸಣ್ಣ ಪ್ರದರ್ಶನ ಮಾಡಿದೆ.

ಪ್ರಿಂಟ್ ಕೆಲಸ ಬೇಗ ಮುಗಿಯಿತು. ಚಿತ್ರಗಳ ಟಿಫ್ (ಗುಣಮಟ್ಟ ಕೆಡದ ಡಿಜಿಟಲ್ ಪ್ರತಿ) ಫೈಲ್‌ಗಳು ದೊಡ್ಡದಾಗಿಯೇ ಸಿಗುತ್ತವೆ. ಹೊಳಪಿಲ್ಲದ ಕಾಗದ ಸಾಕು.

ತಿಣುಕಿದ್ದು ಅಡಿಬರಹಕ್ಕೆ. ಮೊದಲು ಎಲ್ಲ ಕಡೆ 'ವಲಸೆ ಕಾರ್ಮಿಕರು' ಅಂತ ಬರೆದೆ. ಓದಿದರೆ ಸರ್ಕಾರಿ ಕಡತದ ಹಾಗಿತ್ತು. ಹಕ್ಕಿಯೂ ವಲಸೆ ಹೋಗುತ್ತದೆ, ಅಲ್ವಾ? ಹೊಟ್ಟೆಪಾಡಿಗೆ ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಡುವುದಕ್ಕೆ ನಮ್ಮಲ್ಲಿ ಗುಳೆ ಅನ್ನೋ ಮಾತಿದೆ. ಆ ಒಂದು ಪದ ಹಾಕಿದ ಮೇಲೆ ಚಿತ್ರದ ಮುಂದೆ ಜನ ಜಾಸ್ತಿ ಹೊತ್ತು ನಿಂತರು.

ಸರ್ಕಾರ ಕಳಿಸಿದ ಫೋಟೋಗ್ರಾಫರ್‌ಗಳಲ್ಲಿ ಒಬ್ಬರಾದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ತೆಗೆದ ತಾಯಿಯ ಚಿತ್ರ ನೀವೂ ನೋಡಿರುತ್ತೀರಿ. ಚಳಿಗೆ ಬಟಾಣಿ ಬೆಳೆ ಸತ್ತು, ಕೀಳಲು ಬಂದವರಿಗೆ ಕೆಲಸ ಇರಲಿಲ್ಲ. ಫೈಲನ್ನು ದೊಡ್ಡದು ಮಾಡಿ ಬಲಗಡೆ ಕೆಳಮೂಲೆ ನೋಡಿದೆ. ಗುಡಾರದ ಕಂಬ ಹಿಡಿದ ಹೆಬ್ಬೆರಳಿನ ಮಸುಕು ಗುರುತು ಅಲ್ಲಿದೆ. ಲ್ಯಾಂಗ್ ಆಮೇಲೆ ನೆಗೆಟಿವ್‌ನಲ್ಲಿ ಅದನ್ನು ಅಳಿಸಲು ಹೇಳಿದ್ದರು. ನನಗೆ ಆ ಬೆರಳು ಬೇಕಿತ್ತು. ಕುಸಿಯುವ ಗುಡಾರವನ್ನೂ ಕುಟುಂಬವನ್ನೂ ಹಿಡಿದು ನಿಂತ ಕೈ ಅದು.

ಪ್ರದರ್ಶನದ ಮೊದಲ ದಿನ ಒಬ್ಬ ಅಜ್ಜಿ, "ಈ ಯಮ್ಮನ ಹೆಸರೇನಪ್ಪ?" ಅಂತ ಕೇಳಿದರು. ನನ್ನ ಅಡಿಬರಹದಲ್ಲಿ ಹೆಸರಿರಲಿಲ್ಲ. 1936ರ ಮೂಲ ಬರಹದಲ್ಲಿ ಇದ್ದದ್ದು ಇಷ್ಟೇ: ಏಳು ಮಕ್ಕಳ ತಾಯಿ, ವಯಸ್ಸು 32. ಹೆಸರು ಕೇಳಲಿಲ್ಲ ಅಂತ ಲ್ಯಾಂಗ್ ಅವರೇ ಮುಂದೆ ಬರೆದರು. ನಾನು ಅದನ್ನೇ ಸುಮ್ನೆ ಕನ್ನಡಕ್ಕೆ ಇಳಿಸಿದ್ದೆ. ತುಂಬಾ ನಾಚಿಕೆಯಾಯಿತು.

ಆ ರಾತ್ರಿ ಕೂತು ಹೊಸದಾಗಿ ಬರೆದೆ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಚೆರೋಕಿ ಮೂಲದವರು. ಅವರು ಯಾರೆಂದು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಈ ಚಿತ್ರದಿಂದ ತಮಗೆ ಒಂದು ಕಾಸೂ ಬರಲಿಲ್ಲ, ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರು. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಎಂಬ ಲ್ಯಾಂಗ್ ಮಾತನ್ನು ಥಾಂಪ್ಸನ್ ಅವರ ಮಗ ಒಪ್ಪಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ನಿಪೊಮೊದ ಆ ಕೂಲಿಯವರ ಶಿಬಿರಕ್ಕೆ ಸುಮಾರು 9,000 ಕಿಲೋ ಆಹಾರ ಬಂತು. ಅಷ್ಟರಲ್ಲಿ ಈ ಕುಟುಂಬ ಅಲ್ಲಿಂದ ಹೊರಟಾಗಿತ್ತು. ಇದೆಲ್ಲವನ್ನೂ ಸೇರಿಸಿದೆ. ಚಿತ್ರದ ಮೇಲಿನ ನನ್ನ ಗೌರವ ಇದರಿಂದ ಕಮ್ಮಿಯಾಗಲಿಲ್ಲ. ಆದರೆ ಅವರ ಮಾತನ್ನು ಬಿಟ್ಟು ಅವರ ಮುಖವನ್ನು ಮಾತ್ರ ಗೋಡೆಗೆ ಹಾಕುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು.

ಪಕ್ಕದಲ್ಲಿ ಅದೇ ದಿನದ ಇನ್ನೊಂದು ಚಿತ್ರವನ್ನೂ ಹಾಕಿದೆ. ಗುಡಾರದ ಮುಂದೆ ಟ್ರಂಕು, ಅದರ ಮೇಲೆ ಖಾಲಿ ತಟ್ಟೆ.

ಮಾರನೇ ದಿನ ಅಜ್ಜಿ ಮತ್ತೆ ಬಂದರು. ಮೊಮ್ಮಗಳ ಕೈಯಲ್ಲಿ ಹೆಸರು ಓದಿಸಿಕೊಂಡರು. ಆಮೇಲೆ ಪಕ್ಕದ ಚಿತ್ರಕ್ಕೆ ಸರಿದು, ಆ ತಟ್ಟೆ ನೋಡುತ್ತಾ ನಿಂತರು.